ಶುಕ್ರವಾರ ಸಂಜೆ ನಮ್ಮ ಪೋಡಿನ ಗಂಡಸ್ರು ಕೂರೋ ಕಥೆ

ನಾನು ಸೋಲಿಗ, ಬಿಳಿಗಿರಿರಂಗನ ಬೆಟ್ಟದ ಕಡೆ ಒಂದು ಪೋಡಿನೋನು (ಪೋಡು ಅಂದ್ರೆ ನಮ್ಮ ಸೋಲಿಗರ ಹಾಡಿ), ಆರೋಗ್ಯ ಕಾರ್ಯಕರ್ತನಾಗಿ ಕೆಲಸ ಮಾಡ್ತೀನಿ. ನಮ್ಮ ಹೆಂಗಸ್ರಿಗೆ ಆಶಾ ಬರ್ತಾರೆ, ತಾಯಿ ಕಾರ್ಡಿದೆ, ಸ್ತ್ರೀಶಕ್ತಿ ಸಂಘ ಇದೆ, ಇರ್ಲೇಬೇಕು. ಆದ್ರೆ ನಲವತ್ತು ವರ್ಷದ ಗಂಡಸು ಆಸ್ಪತ್ರೆ ಬಾಗ್ಲು ನೋಡೋದು ನಾಲ್ಕು ಜನ ಹೊತ್ಕೊಂಡು ಹೋದಾಗ ಮಾತ್ರ. ಇದನ್ನ ನೋಡಿ ನೋಡಿ ಸಂಕಟ ಆಗಿ ಗಂಡಸ್ರದ್ದೊಂದು ಗುಂಪು ಮಾಡೋಣ ಅಂತ ಹೊರಟೆ.

ಮೊದಲನೇ ಸಲ ತಪ್ಪು ಮಾಡ್ದೆ. ಭಾನುವಾರ ಮಧ್ಯಾಹ್ನ ಮೀಟಿಂಗ್ ಕರ್ದು ಕುಡಿತದ ಚಾರ್ಟ್ ಹಿಡ್ಕೊಂಡು ನಿಂತೆ, ಬಂದಿದ್ದು ಮೂರೇ ಜನ, ಅವರೂ ನೆಲ ನೋಡ್ತಾ ಕೂತಿದ್ರು. ಆಮೇಲೆ ನಮ್ಮ ಮಾವ ಒಬ್ರು ಹೇಳಿದ್ರು, "ನೀ ಕರ್ದು ಬೈತೀಯ ಅಂತ ಎಲ್ರಿಗೂ ಗೊತ್ತು ಕಣಪ್ಪ, ಬೈಸ್ಕಳಕ್ಕೆ ಯಾರ್ ಬಂದಾರು". ಜೊತೆಗೆ ಕಾಫಿ ಎಸ್ಟೇಟಿನ ಬಟವಾಡೆ ಶನಿವಾರ, ಭಾನುವಾರ ಯಾರೂ ಕೂರೋ ಸ್ಥಿತೀಲಿ ಇರಲ್ಲ.

ಅದಕ್ಕೆ ಶುಕ್ರವಾರ ಸಂಜೆ ಇಟ್ಕೊಂಡೆ. ಜೇಬಲ್ಲಿ ದುಡ್ಡಿರಲ್ಲ, ಹೆಂಗೂ ಯಜಮಾನ್ರ ಮನೆ ಮುಂದೆ ಬೆಂಕಿ ಹಾಕ್ಕೊಂಡು ಕೂತಿರ್ತಾರೆ, ನಾನೂ ಬಿಪಿ ಮಿಷನ್ ತಗೊಂಡು ಹೋಗಿ ಪಕ್ಕದಲ್ಲಿ ಕೂತೆ ಅಷ್ಟೇ. ನಾಲ್ಕು ವಾರ ಕುಡಿತದ ಸುದ್ದೀನೇ ಎತ್ತಲಿಲ್ಲ. ಒಬ್ಬೊಬ್ರಿಗೂ ಬಿಪಿ ನೋಡ್ತಾ ನೋಡ್ತಾ ಮಾತು ತಾನಾಗೇ ಬಂತು, ಆನೆ, ಕಾಡು ತುಂಬ್ಕೊಂಡಿರೋ ಲಂಟಾನ ಕಳೆ, ಕೂಲಿ, ಆಮೇಲೆ ಹಳೇದು. 1974ರಲ್ಲಿ ಅಭಯಾರಣ್ಯ ಆಗಿದ್ದು, ಕಾಡು ಕಡ್ದು ಬೇಸಾಯ ಮಾಡೋದು ನಿಂತಿದ್ದು, ಆಮೇಲೆ ಜೇನು, ನೆಲ್ಲಿಕಾಯಿ, ಮರದ ಪಾಚಿ ಮಾರಕ್ಕೂ ತಡೆ ಬಿದ್ದಿದ್ದು. 2011ರಲ್ಲಿ ಸಮುದಾಯ ಅರಣ್ಯ ಹಕ್ಕು, ಅಂದ್ರೆ ಕಾಡಿನ ಉತ್ಪನ್ನ ತಂದು ಮಾರೋ ಹಕ್ಕು, ಬಂತು ನಿಜ, ಅಷ್ಟೊತ್ತಿಗೆ ಹುಡುಗ್ರು ಎಸ್ಟೇಟ್ ಸೇರಿದ್ರು. ಒಬ್ರು ತಾತ ಹೇಳಿದ್ರು, ಹೆಜ್ಜೇನು ಕೀಳೋ ದಿನ ನಾವ್ ಯಾರೂ ಬಾಯಿಗೆ ಒಂದು ತೊಟ್ಟು ಹೆಂಡ ಮುಟ್ಟುಸ್ತಿರ್ಲಿಲ್ಲ ಅಂತ. ಕುಡಿತದ ಮಾತು ಶುರುವಾಗಿದ್ದು ಹಂಗೆ, ನನ್ನಿಂದ ಅಲ್ಲ.

ಇಪ್ಪತ್ತಾರು ವರ್ಷದ ಹುಡುಗ ಒಬ್ಬನಿಗೆ ಮೈಗಳ್ಳ, ಕುಡುಕ ಅಂತ ಹೆಸರು. ಒಂದಿನ ಎಲ್ರೂ ಎದ್ದು ಹೋದ್ಮೇಲೆ ಹೇಳ್ದ, "ಅಣ್ಣ, ಚಳೀಲಿ ಮೂಳೆ ಒಳಗೆ ಕೊರ್ದಂಗಾಯ್ತದೆ, ಕುಡುದ್ರೆ ನಿದ್ದೆ ಬತ್ತದೆ". ಟೆಸ್ಟ್ ಮಾಡ್ಸಿದ್ರೆ ಸಿಕಲ್ ಸೆಲ್, ಹುಟ್ಟಿನಿಂದ್ಲೇ ಬರೋ ರಕ್ತದ ಕಾಯಿಲೆ. ಕೆಂಪು ರಕ್ತಕಣ ಕುಡುಗೋಲಿನ ಥರ ಬಾಗಿ ಸಣ್ಣ ರಕ್ತನಾಳದಲ್ಲಿ ಸಿಕ್ಕಾಕೊಳ್ಳುತ್ತೆ, ಅದೇ ಆ ನೋವು, ಹೆಂಡ ಮೈಯಲ್ಲಿರೋ ನೀರು ಕಡಿಮೆ ಮಾಡಿ ಇನ್ನೂ ಜಾಸ್ತಿ ಮಾಡುತ್ತೆ. ಇಷ್ಟು ವರ್ಷ ಅವನನ್ನ ಬೈದೋರಲ್ಲಿ ನಾನೂ ಒಬ್ಬ, ಆವತ್ತು ರಾತ್ರಿ ನಿದ್ದೆ ಬರ್ಲಿಲ್ಲ ನಂಗೆ. ಈಗ ಆ ನೋವು ಬರೋದನ್ನ ಕಡಿಮೆ ಮಾಡೋ ಹೈಡ್ರಾಕ್ಸಿಯೂರಿಯಾ ಮಾತ್ರೆ ತಗೋತಾನೆ, ಎಸ್ಟೇಟಿಗೆ ಹೋಗೋವಾಗ ನೀರಿನ ಬಾಟ್ಲಿ ಬಿಡಲ್ಲ.

ಇನ್ನೊಂದನ್ನ ಈ ಕೆಲಸ ಮಾಡೋರು ದಯವಿಟ್ಟು ಗಮನಿಸಿ. ನಮ್ಮಲ್ಲೊಬ್ರು ದಿನಾ ಬೆಳಿಗ್ಗೆಯಿಂದ ಕುಡಿಯೋರು, ಗುಂಪಿನ ಮುಂದೆ ಬಿಟ್ಟೆ ಅಂತ ಆಣೆ ಹಾಕಿದ್ರು, ಎಲ್ರೂ ಖುಷಿಪಟ್ವಿ, ಎರಡನೇ ದಿನ ಕೈ ನಡುಗಿ ಫಿಟ್ಸ್ ಬಂತು. ಜೀಪ್ ಸಿಕ್ಕಿದ್ದಕ್ಕೆ ಉಳಿದ್ರು. ವರ್ಷಗಟ್ಲೆ ಜಾಸ್ತಿ ಕುಡಿಯೋರು ಮನೇಲಿ ಒಂದೇ ಸಲ ನಿಲ್ಸಬಾರ್ದು, ಡಾಕ್ಟ್ರ ಕೈಕೆಳಗೆ ನಿಲ್ಸಬೇಕು, ನಮ್ಮ ಗುಂಪಲ್ಲಿ ಆಣೆ ಹಾಕ್ಸೋದನ್ನೇ ಬಿಟ್ವಿ. ಯಾರಾದ್ರೂ ಬದುಕೇ ಬೇಡ ಅನ್ನೋ ಮಾತಾಡಿದ್ರೆ ಒಂಟಿ ಬಿಡಲ್ಲ, ಸಿಗ್ನಲ್ ಸಿಗೋ ಬಂಡೆ ತನಕ ಒಬ್ರು ಜೊತೇಲೇ ನಡ್ಕೊಂಡು ಹೋಗಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಮಾತಾಡಿಸ್ತೀವಿ.

ಈಗ ಹನ್ನೊಂದು ಜನ ಕೂರ್ತೀವಿ, ಕುಡಿಯೋರೂ ಬರ್ತಾರೆ, ಯಾರನ್ನೂ ಎಬ್ಬಿಸಿ ಕಳ್ಸಲ್ಲ. ಟೆಸ್ಟಲ್ಲಿ ಬಂದಿದ್ದನ್ನ ಬರೆದಿರೋ ಸಿಕಲ್ ಸೆಲ್ ಕಾರ್ಡ್ ಕೊಟ್ರೆ ಹೆಣ್ಣು ಕೊಡಲ್ಲ ಅಂತ ಹುಡುಗ್ರು ಟೆಸ್ಟಿಗೆ ಹಿಂಜರೀತಾರೆ. ಬರೀ ವಾಹಕ (ಅಪ್ಪ ಅಮ್ಮ ಇಬ್ರಲ್ಲಿ ಒಬ್ರಿಂದ ಮಾತ್ರ ಆ ಗುಣ ಬಂದೋರು) ಆದ್ರೆ ಕಾಯಿಲೆ ಅಲ್ಲ, ಗಂಡ ಹೆಂಡ್ತಿ ಇಬ್ರೂ ವಾಹಕರಾದ್ರೆ ಪ್ರತಿ ಬಸುರಲ್ಲೂ ಮಗೂಗೆ ಕಾಯಿಲೆ ಬರೋ ಸಾಧ್ಯತೆ ನಾಲ್ಕರಲ್ಲಿ ಒಂದು. ಬಾಯಲ್ಲಿ ಹೇಳಿದ್ರೆ ತಲೆಗೆ ಹೋಗ್ತಿಲ್ಲ, ಈ ಶುಕ್ರವಾರ ಚೀಲಕ್ಕೆ ನಾಲ್ಕು ನೆಲ್ಲಿಕಾಯಿ ಹಾಕಿ, ಒಂದಕ್ಕೆ ಮಸಿ ಹಚ್ಚಿ, ಒಬ್ಬೊಬ್ರ ಕೈಲೂ ತೆಗ್ಸಿ ತೋರಿಸ್ಬೇಕು ಅಂತಿದೀನಿ.