ದೊಡ್ಡ ಬೂಟು ಬೇಡ, ಇರುವುದನ್ನೇ ಉಬ್ಬಿಸಿ

ನನ್ನ ಪಾದ ಮುಂದೆ ಅಗಲ, ಹಿಮ್ಮಡಿ ಸಣ್ಣದು. ಬರಿಗಾಲಲ್ಲಿ ಬೆಳೆದ ನಮ್ಮಂಥವರಲ್ಲಿ ಇಂಥ ಪಾದ ಎಷ್ಟು ಬೇಕು! ಇಲ್ಲಿ ಕೆನಡಾದ ಬ್ರಾಂಪ್ಟನ್‌ಗೆ ಬಂದು, ಐಸ್ ಮೇಲೆ ಜಾರುತ್ತಾ ಎಗರಿ ಸುತ್ತುವ ಫಿಗರ್ ಸ್ಕೇಟಿಂಗ್ ಶುರು ಮಾಡಿದಾಗ ಅಂಗಡಿಯವರು ಕೊಟ್ಟ ಸಲಹೆ ಒಂದೇ, "ಒಂದು ಸೈಜ್ ದೊಡ್ಡದು ತಗೊಳ್ಳಿ." ಬ್ಲೇಡೂ ಸೇರಿ 350 ಡಾಲರ್ ಹತ್ತಿರ ಹೋಯಿತು.

ಬೆರಳಿಗೇನೋ ಆರಾಮ. ಆದರೆ ಟೋ ಪಿಕ್ (ಬ್ಲೇಡಿನ ಮುಂತುದಿಯ ಹಲ್ಲು) ಊರಿ ಎಗರಿದಾಗಲೆಲ್ಲ ಹಿಮ್ಮಡಿ ಬೂಟಿನೊಳಗೇ ಮೇಲೇಳುತ್ತಿತ್ತು. ಲೇಸ್ ಬಿಗಿ ಮಾಡಿದರೆ ಪಾದಕ್ಕೆ ಜೋಮು. ಜೆಲ್ ಪ್ಯಾಡು, ದಪ್ಪ ಇನ್‌ಸೋಲ್ ಅಂತ ಇನ್ನೊಂದು 80 ಡಾಲರ್ ಸುರಿದೆ. ಕೊನೆಗೆ ಕಾಲ್ಗಿಣ್ಣಿನ ಹತ್ತಿರ ಲೆದರ್ ಮಡಿಚಿಕೊಂಡು ಬೂಟಿನ ಕಥೆ ಮುಗಿಯಿತು. ಮಾರಿದರೆ 60 ಬಂತು, ಅಷ್ಟೇ.

ಮುಂದಿನ ಜೊತೆ ಬೂಟಿಗೆ ಲೆಕ್ಕ ಉಲ್ಟಾ ಮಾಡಿದೆ. ಹಿಮ್ಮಡಿಯನ್ನು ಕಚ್ಚಿ ಹಿಡಿಯುವ ಸೈಜ್ ತಗೊಳ್ಳೋದು, ಮುಂದೆ ಬೇಕಾದ ಜಾಗ ನಾನೇ ಮಾಡಿಕೊಳ್ಳೋದು. ರಿಂಕಿನಲ್ಲಿ ಎಲ್ಲರೂ "ಲೆದರ್ ಹರಿಯುತ್ತೆ, ಸುಮ್ನೆ ದುಡ್ಡು ದಂಡ" ಅಂದರು. ಅಂಗಡಿಯಲ್ಲಿ ಮಾಡಿಸೋಣ ಅಂದರೆ ಒಂದು ಕಡೆ ಪಂಚ್ ಮಾಡೋಕೆ, ಅಂದರೆ ಲೆದರ್ ಹೊರಕ್ಕೆ ಉಬ್ಬಿಸೋಕೆ, 30-40 ಡಾಲರ್ ಕೇಳಿದರು. ನನಗೆ ಎರಡೂ ಬೂಟಿನಲ್ಲಿ ಮೂರು ಮೂರು ಕಡೆ ಬೇಕಿತ್ತು.

ಬೂಟು ಎಲ್ಲಿ ಒತ್ತುತ್ತೆ ಅನ್ನೋ ಗುರುತು ಸರಿಯಾಗಿ ಬಿದ್ದರೆ ಅರ್ಧ ಕೆಲಸ ಆದ ಹಾಗೆ. ಎಲ್ಲರೂ ಲಿಪ್‌ಸ್ಟಿಕ್ ಹಚ್ಚುತ್ತಾರೆ. ನಾನು ಕುಂಕುಮಕ್ಕೆ ಎರಡು ಹನಿ ಕೊಬ್ಬರಿ ಎಣ್ಣೆ ಕಲಸಿ ಗಿಣ್ಣಿನ ಮೂಳೆಗೂ ಕಿರುಬೆರಳ ಬುಡಕ್ಕೂ ಹಚ್ಚಿದೆ. ಬರಿಗಾಲು ತೂರಿಸಿ, ಲೇಸ್ ಕಟ್ಟಿ, ಮಂಡಿ ಬಗ್ಗಿಸಿ ನಿಂತೆ. ನೆಟ್ಟಗೆ ನಿಂತಾಗ ಬೀಳುವ ಗುರುತೇ ಬೇರೆ, ಅರ್ಧ ಸೆಂಟಿಮೀಟರ್ ಆಚೀಚೆ ಆಗುತ್ತೆ. ಲೈನಿಂಗಿನ ಕೆಂಪು ಕಲೆ ಇನ್ನೂ ಹೋಗಿಲ್ಲ, ಇರಲಿ ಬಿಡಿ.

ಆಮೇಲೆ ಹೇರ್ ಡ್ರೈಯರ್. ಮುಟ್ಟಿದ ಕೈ ತಾನಾಗೇ ಹಿಂದೆ ಬರುವಷ್ಟು ಬಿಸಿ ಸಾಕು. ಸೋಲ್ ಕಡೆ ಹಿಡಿಯಬೇಡಿ, ಅಂಟು ಬಿಡುತ್ತೆ. ಒಳಗಡೆ ಬಾಗಿಲಿನ ಗುಂಡು ಹಿಡಿ, ಹೊರಗಡೆ ಪೈಪಿನಿಂದ ಕತ್ತರಿಸಿದ ಬಳೆ, ಎರಡನ್ನೂ ಸಿ-ಕ್ಲಾಂಪಿನಲ್ಲಿ (ತಿರುಪು ಇರುವ ಸಿ ಆಕಾರದ ಹಿಡಿಕೆ) ಬಿಗಿದು ರಾತ್ರಿಯಿಡೀ ಬಿಟ್ಟೆ. ಆರುವ ಮುಂಚೆ ತೆಗೆದರೆ ಲೆದರ್ ಮತ್ತೆ ಒಳಗೆ ಕೂರುತ್ತೆ. ಬೇಕಾದ್ದಕ್ಕಿಂತ ತುಸು ಜಾಸ್ತಿಯೇ ಉಬ್ಬಿಸಿ, ಬೆಳಗ್ಗೆ ಹೊತ್ತಿಗೆ ಒಂದಿಷ್ಟು ಇಳಿಯುತ್ತೆ. ಸಾಮಾನಿಗೆಲ್ಲ ಸೇರಿ 25 ಡಾಲರ್ ಆಗಿರಬಹುದು.

ಜನವರಿ ಚಳಿ ಪುಕ್ಕಟೆ ಸಿಗುತ್ತಲ್ವಾ ಅಂತ ಮಾರುವ ಮೊದಲು ಹಳೇ ಬೂಟಿನಲ್ಲಿ ನೀರು ತುಂಬಿದ ಪ್ಲಾಸ್ಟಿಕ್ ಚೀಲ ಇಟ್ಟು ಬಾಲ್ಕನಿಗೂ ಹಾಕಿ ನೋಡಿದ್ದೆ. ಐಸ್ ಪಕ್ಕಕ್ಕೆ ಒತ್ತುವ ಬದಲು ಮೇಲಕ್ಕೆ ಉಬ್ಬಿತು, ಚೀಲ ಒಡೆಯಿತು, ಲೈನಿಂಗ್ ಒಣಗೋಕೆ ವಾರ ಹಿಡಿಯಿತು. ಒದ್ದೆ ಕಾಲುಚೀಲದ ಮೇಲೆ ಬೂಟು ಹಾಕಿಕೊಂಡು ಮನೆಯೆಲ್ಲ ಓಡಾಡಿದೆ, ಬೂಟು ಅಲ್ಲಾಡಲಿಲ್ಲ. ಲೇಸಿನ ಪ್ರಯೋಗ ಮಾತ್ರ ಫಲ ಕೊಟ್ಟಿತು. ಪಾದ ಬಗ್ಗುವ ಕಡೆ ಎರಡು ಸುತ್ತು ಗಂಟು ಹಾಕಿ, ಅದರ ಮೇಲಕ್ಕೆ ಸಡಿಲ ಬಿಡುತ್ತೇನೆ.

ಹಿಮ್ಮಡಿಯ ಎರಡೂ ಪಕ್ಕ ಒಂದೊಂದು ತುಂಡು ಅಂಟಿಸಿದ್ದೇನೆ. ಅದು ಯಾವುದರದ್ದು ಅಂತ ಹೇಳಲ್ಲ!

ಈಗ ಎರಡು ಗಂಟೆ ಆಡಿದರೂ ನಡುವೆ ಲೇಸ್ ಬಿಚ್ಚುವ ಮಾತಿಲ್ಲ. ಟೋ ಲೂಪ್ ಅನ್ನೋ ಜಿಗಿತ ನೆಟ್ಟಗೆ ಇಳಿಯುತ್ತಿದೆ. ಲೆದರ್ ಹರಿಯುತ್ತೆ ಅಂದಿದ್ದವರಲ್ಲೇ ಒಬ್ಬರು ಹೋದ ವಾರ ತಮ್ಮ ಐಸ್ ಹಾಕಿ ಆಟದ ಬೂಟು ತಂದುಕೊಟ್ಟಿದ್ದಾರೆ. ಅದು ಲೆದರ್ ಅಲ್ಲ, ನಾರು-ಪ್ಲಾಸ್ಟಿಕ್ ಸೇರಿಸಿದ ಗಟ್ಟಿ ಕಾಂಪೋಸಿಟ್, ಹೇರ್ ಡ್ರೈಯರ್‌ಗೆ ಜಗ್ಗಲ್ಲ. ಓವನ್‌ನಲ್ಲಿಡಬೇಕು, ಅದಕ್ಕೆ 20 ಡಾಲರ್ ಕೇಳಿದ್ದೇನೆ.