ಗೋಡೌನಿನ ಯೆಜ್ಡಿಯನ್ನು ರೇಸಿಂಗ್ ಗೇಮಿಗೆ ಇಳಿಸುವುದು ಹೇಗೆ?

ಆಲ್ದೂರಿನ ನಮ್ಮ ಮನೆಯ ಕಾಫಿ ಗೋಡೌನಿನಲ್ಲಿ ಮೂಟೆಗಳ ಪಕ್ಕ ಅಪ್ಪನ ಯೆಜ್ಡಿ ಬೈಕು ನಿಂತಿದೆ. ಕಳೆದ ಮಳೆಗಾಲದಲ್ಲಿ ಚಿಕ್ಕಪ್ಪನ ಮಗ ರಜೆಗೆ ಬಂದವನು ನನ್ನ ಕಂಪ್ಯೂಟರಿನಲ್ಲಿ ಬೈಕ್ ರೇಸ್ ಆಡುತ್ತಿದ್ದ. ಆಟದ ಮಧ್ಯೆ ಕೇಳಿದ, ‘ಅಣ್ಣ, ಇದರಲ್ಲಿ ದೊಡ್ಡಪ್ಪನ ಯೆಜ್ಡಿ ಯಾಕಿಲ್ಲ?’ ಇಲ್ಲದಿದ್ದರೆ ನಾವೇ ಹಾಕೋಣ ಎಂದು ಕೂತೆವು. ಒಂದು ವಾರದ ಕೆಲಸ ಅಂದುಕೊಂಡಿದ್ದೆ. ಕಾಫಿ ಕೊಯ್ಲು ಮುಗಿದರೂ ಅದು ಮುಗಿದಿರಲಿಲ್ಲ.

ನೀವು ಇಷ್ಟು ದಿನ ತೆಗೆದುಕೊಳ್ಳಬೇಕಿಲ್ಲ. ನಾನು ಎಡವಿದ ಜಾಗಗಳನ್ನೆಲ್ಲ ಸೇರಿಸಿಯೇ ಬರೆದಿದ್ದೇನೆ.

ಗೇಮ್ ಮಾಡಿದವರು ಕೊಟ್ಟದ್ದಲ್ಲದೆ ಆಡುವವರೇ ಸೇರಿಸುವ ಬೈಕು, ಟ್ರ್ಯಾಕು, ಹೆಲ್ಮೆಟ್‌ಗಳಿಗೆ ‘ಮಾಡ್’ ಅನ್ನುತ್ತಾರೆ. ಎಲ್ಲ ಗೇಮುಗಳೂ ಇದಕ್ಕೆ ಬಾಗಿಲು ತೆರೆದಿರುವುದಿಲ್ಲ. ಇಟಲಿಯ ಪಿಬೋಸೋ ಮಾಡಿರುವ ಜಿಪಿ ಬೈಕ್ಸ್, ಎಂಎಕ್ಸ್ ಬೈಕ್ಸ್ ತೆರೆದಿವೆ. ಮೊದಲನೆಯದು ಟಾರ್ ಟ್ರ್ಯಾಕಿನದು, ಎರಡನೆಯದು ಮಣ್ಣಿನದು. ಇವು ಸಿಮ್ಯುಲೇಟರ್‌ಗಳು. ಅಂದರೆ ಬೈಕು ಹೇಗೆ ಓಡಬೇಕು ಅನ್ನುವುದನ್ನು ಉದ್ದ, ತೂಕ, ಕೋನ, ಎಂಜಿನ್ನಿನ ಎಳೆತ ಎಲ್ಲ ಸೇರಿಸಿ ಲೆಕ್ಕ ಹಾಕುತ್ತವೆ. ಹಾಗಾಗಿ ಚಂದದ ಚಿತ್ರ ಮಾಡಿ ಹಾಕಿದರೆ ಸಾಲದು. ಅಳತೆ ತಪ್ಪಿದರೆ ಬೈಕು ಬೀಳುತ್ತದೆ. ನನಗೆ ಈ ಕೆಲಸದಲ್ಲಿ ರುಚಿ ಹತ್ತಿದ್ದೇ ಇಲ್ಲಿ.

ಆಡಲು ಗೇಮ್‌ಪ್ಯಾಡ್ ಇರಲಿ. ಕೀಬೋರ್ಡಿನಲ್ಲಿ ಬೈಕನ್ನು ಸ್ವಲ್ಪವೇ ವಾಲಿಸುವುದು ಆಗದ ಮಾತು.

ಮೊದಲು ಬಣ್ಣ ಬಳಿಯಿರಿ

ಹೊಸಬರು ನೇರ ಬೈಕು ಕಟ್ಟಲು ಹೋಗಬೇಡಿ. ಮೊದಲು ಗೇಮಿನಲ್ಲಿರುವ ಬೈಕಿಗೆ ನಿಮ್ಮ ಬಣ್ಣ ಹಾಕಿ. ಒಂದು ಸಂಜೆಯ ಕೆಲಸ. ಯಾವ ಫೈಲು ಎಲ್ಲಿರುತ್ತದೆ ಅನ್ನುವುದು ಕೈಗೆ ಕೂರುತ್ತದೆ.

ಆ ಬೈಕಿನ ಟೆಂಪ್ಲೇಟ್ ಚಿತ್ರ ಇಳಿಸಿಕೊಳ್ಳಿ. ಬೈಕಿನ ಚರ್ಮ ಸುಲಿದು ನೆಲದ ಮೇಲೆ ಹಾಸಿದ ಹಾಗೆ ಕಾಣುತ್ತದೆ: ಟ್ಯಾಂಕ್ ಒಂದು ಕಡೆ, ಸೀಟು ಒಂದು ಕಡೆ. ಚಿತ್ರ ತಿದ್ದುವ ಸಾಫ್ಟ್‌ವೇರ್ ಗಿಂಪ್‌ನಲ್ಲಿ ತೆರೆದು ಬಣ್ಣ ಬಳಿದು, ಟಿಜಿಎ ಎಂಬ ಬಗೆಯ ಚಿತ್ರದ ಫೈಲಾಗಿ ಉಳಿಸಿ. ಚಿತ್ರದ ಅಳತೆ 2048 ಅಥವಾ 4096 ಪಿಕ್ಸೆಲ್ ಚೌಕ ಇರಲಿ. ಪಿಬೋಸೋದ್ದೇ ಪೇಂಟ್‌ಎಡ್ ಎಂಬ ಸಣ್ಣ ಟೂಲ್ ಇದೆ. ಅದು ಈ ಚಿತ್ರಗಳನ್ನು ಪಿಎನ್‌ಟಿ ಫೈಲಾಗಿ ಕಟ್ಟಿಕೊಡುತ್ತದೆ. ಅದನ್ನು ಡಾಕ್ಯುಮೆಂಟ್ಸ್ ಫೋಲ್ಡರಿನೊಳಗೆ ಪಿಬೋಸೋ, ಅದರೊಳಗೆ ಗೇಮಿನ ಹೆಸರು, ಆಮೇಲೆ ಮಾಡ್ಸ್, ಬೈಕ್ಸ್, ಆ ಬೈಕಿನ ಹೆಸರು, ಕೊನೆಗೆ ಪೇಂಟ್ಸ್ ಎಂಬ ಫೋಲ್ಡರಿನಲ್ಲಿ ಹಾಕಿ. ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದರೂ ಗೇಮಿಗೆ ಕಾಣುವುದಿಲ್ಲ. ಬಣ್ಣ ಬರಲಿಲ್ಲ ಅಂದರೆ ಮೊದಲು ಫೋಲ್ಡರಿನ ಹೆಸರು ನೋಡಿ.

ಟೇಪು, ಸೀಮೆಸುಣ್ಣ, ಮೂಟೆ ತೂಗುವ ತಕ್ಕಡಿ

ಕಂಪ್ಯೂಟರ್ ಆರಿಸಿ ಗೋಡೌನಿಗೆ ಹೋಗುವ ಸಮಯ ಇದು. ಬೈಕಿನ ಅಳತೆ ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಒಂದೊಂದು ಕಡೆ ಒಂದೊಂದು ಸಿಗುತ್ತದೆ. ನಿಮ್ಮ ಬೈಕು ನಿಮ್ಮ ಮುಂದೆಯೇ ಇದೆ ಅಲ್ವಾ? ಅಳೆಯಿರಿ.

ಮೊದಲನೆಯದು ಎರಡು ಚಕ್ರಗಳ ಆಕ್ಸಲ್, ಅಂದರೆ ಚಕ್ರ ತಿರುಗುವ ಅಚ್ಚುಗಳ ನಡುವಿನ ದೂರ. ನಮ್ಮದು 132 ಸೆಂ.ಮೀ. ಬಂತು. ಎರಡನೆಯದು ಚಕ್ರದ ಸುತ್ತಳತೆ. ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ, ಕಾಫಿ ಒಣಗಿಸುವ ಕಣದಲ್ಲಿ ಒಬ್ಬರು ಮೇಲೆ ಕೂತು ಬೈಕನ್ನು ತಳ್ಳಿಸಿಕೊಳ್ಳಿ. ಗುರುತು ನೆಲಕ್ಕೆ ಎರಡು ಸಲ ತಾಗಿದ ಜಾಗದ ನಡುವಿನ ದೂರವೇ ಸುತ್ತಳತೆ. ನಮಗೆ 1.95 ಮೀಟರ್ ಸಿಕ್ಕಿತು. ಸುಮ್ನೆ ಟೈರಿನ ಸುತ್ತ ಟೇಪು ಸುತ್ತಬೇಡಿ. ಆಳು ಕೂತಾಗ ಟೈರು ಅಮುಕಿಕೊಳ್ಳುವುದು ಆ ಅಳತೆಯಲ್ಲಿ ಬರುವುದಿಲ್ಲ.

ಮೂರನೆಯದು ತೂಕ. ಇದಕ್ಕೆ ತೋಟದ ಮನೆಯವರ ಪುಣ್ಯ ಜಾಸ್ತಿ. ಕಾಫಿ ಮೂಟೆ ತೂಗುವ ತಕ್ಕಡಿ ಇದ್ದೇ ಇರುತ್ತದೆ. ಮುಂದಿನ ಚಕ್ರ ತಕ್ಕಡಿಯ ಮೇಲೆ, ಹಿಂದಿನದು ಅಷ್ಟೇ ಎತ್ತರದ ಹಲಗೆಯ ಮೇಲೆ ಇರಲಿ. ಆಮೇಲೆ ಅದಲುಬದಲು ಮಾಡಿ. ಬೈಕನ್ನು ನೆಟ್ಟಗೆ ಹಿಡಿಯುವವರು ಒರಗಬಾರದು. ನಮ್ಮ ಲೆಕ್ಕ ಮುಂದೆ 64 ಕೆಜಿ, ಹಿಂದೆ 78 ಕೆಜಿ, ಒಟ್ಟು 142. ಮುಂದಿನ 64ನ್ನು 142ರಿಂದ ಭಾಗಿಸಿ 132ರಿಂದ ಗುಣಿಸಿದರೆ ಸುಮಾರು 59.5. ಅಂದರೆ ತೂಕದ ಕೇಂದ್ರ ಹಿಂದಿನ ಆಕ್ಸಲ್‌ನಿಂದ 59.5 ಸೆಂ.ಮೀ. ಮುಂದಿದೆ. ಇದು ಬರೀ ಬೈಕಿನದು. ಸವಾರನ ತೂಕವನ್ನು ಗೇಮ್ ಬೇರೆಯಾಗಿ ಸೇರಿಸುತ್ತದೆ.

ನಾಲ್ಕನೆಯದು ಟ್ರೇಲ್. ಸ್ವಲ್ಪ ತಾಳ್ಮೆ ಬೇಕು. ಹ್ಯಾಂಡಲ್ ತಿರುಗುವ ಕಂಬ ನೆಟ್ಟಗಿರುವುದಿಲ್ಲ, ಹಿಂದಕ್ಕೆ ವಾಲಿರುತ್ತದೆ. ಆ ವಾಲು ರೇಕ್. ಆ ಕಂಬದ ಗೆರೆಯನ್ನು ನೆಲದವರೆಗೆ ಎಳೆದರೆ ಟೈರು ನೆಲ ಮುಟ್ಟುವ ಜಾಗಕ್ಕಿಂತ ಮುಂದೆ ಬೀಳುತ್ತದೆ. ಆ ಎರಡರ ನಡುವಿನ ಅಂತರವೇ ಟ್ರೇಲ್. ಕೈಬಿಟ್ಟರೂ ಬೈಕು ನೇರ ಹೋಗುವುದರಲ್ಲಿ ಇದರ ಪಾಲು ದೊಡ್ಡದು. ಕೋನಕ್ಕೆ ಮೊಬೈಲಿನ ಲೆವೆಲ್ ಆ್ಯಪ್ ಸಾಕು, ಆದರೆ ಬೈಕು ಸೆಂಟರ್ ಸ್ಟ್ಯಾಂಡಿನಿಂದ ಇಳಿದು ಎರಡೂ ಚಕ್ರದ ಮೇಲೆ ನಿಂತಿರಬೇಕು. ಕೋನ 27 ಡಿಗ್ರಿ, ನೆಲದಿಂದ ಆಕ್ಸಲ್‌ಗೆ 30 ಸೆಂ.ಮೀ., ಕಂಬದ ಗೆರೆಯಿಂದ ಆಕ್ಸಲ್ 5 ಸೆಂ.ಮೀ. ಮುಂದೆ ಎಂದಿಟ್ಟುಕೊಳ್ಳಿ. 30ನ್ನು ಸೈನ್ 27ರಿಂದ ಗುಣಿಸಿ, 5 ಕಳೆದು, ಕಾಸ್ 27ರಿಂದ ಭಾಗಿಸಿ. 9.7 ಸೆಂ.ಮೀ. ಹತ್ತಿರ ಬರುತ್ತದೆ. ಪಿಯುಸಿಯಲ್ಲಿ ಇದು ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ಮೇಷ್ಟ್ರನ್ನು ಕೇಳಿದವನು ನಾನು.

ಫೋಟೋ ದೂರದಿಂದ, ಮಾಡೆಲ್ ತುಂಡು ತುಂಡಾಗಿ

ಬ್ಲೆಂಡರ್ ಉಚಿತವಾಗಿ ಸಿಗುವ ತ್ರೀಡಿ ಸಾಫ್ಟ್‌ವೇರ್. ಅದರಲ್ಲಿ ಫೋಟೋವನ್ನು ಹಿಂದೆ ಇಟ್ಟುಕೊಂಡು ಅದರ ಮೇಲೆ ಬೈಕನ್ನು ಕಟ್ಟಬೇಕು. ಫೋಟೋವನ್ನು ಬೈಕಿನ ಹತ್ತಿರ ನಿಂತು ತೆಗೆದರೆ ನಡುವಿನ ಎಂಜಿನ್ನು ಉಬ್ಬಿ, ತುದಿಗಳು ಓರೆಯಾಗುತ್ತವೆ. ಹತ್ತು ಮೀಟರ್ ಹಿಂದೆ ಹೋಗಿ ಝೂಮ್ ಮಾಡಿ ತೆಗೆಯಿರಿ. ಬ್ಲೆಂಡರಿನಲ್ಲಿ ಎರಡು ಆಕ್ಸಲ್ ನಡುವೆ ಸರಿಯಾಗಿ 1.32 ಮೀಟರ್ ಬರುವಂತೆ ಫೋಟೋವನ್ನು ಹಿಗ್ಗಿಸಿ ಅಥವಾ ಕುಗ್ಗಿಸಿ. ನಿಮ್ಮ ಬೈಕಿನ ಅಳತೆ ಇಲ್ಲಿ ಹಾಕಿ, ನಮ್ಮದಲ್ಲ.

ಮಾಡೆಲ್ ಒಂದೇ ಗಟ್ಟಿ ಮುದ್ದೆಯಾಗಿರಬಾರದು. ಚಾಸಿ, ಹ್ಯಾಂಡಲ್ ಮತ್ತು ಮುಂದಿನ ಚಕ್ರ ಹಿಡಿಯುವ ಫೋರ್ಕಿನ ಮೇಲ್ಭಾಗ, ಫೋರ್ಕಿನ ಕೆಳಭಾಗ, ಹಿಂದಿನ ಚಕ್ರ ಹಿಡಿಯುವ ಸ್ವಿಂಗ್ ಆರ್ಮ್, ಎರಡು ಚಕ್ರ, ಎಲ್ಲ ಬೇರೆ ಬೇರೆ. ಯಾವುದು ಅಲ್ಲಾಡುತ್ತದೋ ಅದು ಬೇರೆ ತುಂಡು. ಪ್ರತಿ ತುಂಡಿನ ಮೂಲಬಿಂದು ಅದು ತಿರುಗುವ ಜಾಗದಲ್ಲೇ ಇರಬೇಕು. ಚಕ್ರದ ಮೂಲಬಿಂದುವನ್ನು ನಾನು ಎರಡು ಬೆರಳಿನಷ್ಟು ಪಕ್ಕಕ್ಕೆ ಇಟ್ಟಿದ್ದೆ. ಚಕ್ರ ಅಡ್ಡಾದಿಡ್ಡಿ ಕುಣಿಯಿತು.

ಚಕ್ರದ ಅರೆಗಳನ್ನು (ಸ್ಪೋಕ್) ಒಂದೊಂದಾಗಿ ದುಂಡಗೆ ಮಾಡುತ್ತಾ ಕೂರಬೇಡಿ. ಐದು ಮೂಲೆಯ ಕಡ್ಡಿ ಸಾಕು, ಓಡುವಾಗ ಯಾರಿಗೂ ಗೊತ್ತಾಗುವುದಿಲ್ಲ. ಉಳಿಸಿದ ಶ್ರಮವನ್ನು ಟ್ಯಾಂಕಿಗೆ ಹಾಕಿ. ಯೆಜ್ಡಿ ನೋಡಿದವರು ಮೊದಲು ನೋಡುವುದು ಟ್ಯಾಂಕು, ಆಮೇಲೆ ಆ ಎರಡು ಸೈಲೆನ್ಸರು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್ ಯಾಕೆ ಎಂದು ಈಗಿನ ಹುಡುಗರು ಕೇಳುತ್ತಾರೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಬೈಕಿನ ಚಹರೆಯೇ ಅದು. ಒಂದು ಬಿಟ್ಟರೂ ಹಿರಿಯರು ಬಯ್ಯುತ್ತಾರೆ.

ಮುಗಿದ ಮಾಡೆಲನ್ನು ಎಫ್‌ಬಿಎಕ್ಸ್ ಎಂಬ ತ್ರೀಡಿ ಫೈಲಾಗಿ ಹೊರತೆಗೆದು, ಪಿಬೋಸೋದ ಪರಿವರ್ತಕ ಟೂಲಿನಿಂದ ಗೇಮ್ ಓದುವ ಇಡಿಎಫ್ ಫೈಲು ಮಾಡಬೇಕು. ಅದಕ್ಕೆ ಮೊದಲು ಬ್ಲೆಂಡರಿನಲ್ಲಿ ಸ್ಕೇಲ್ ‘ಅಪ್ಲೈ’ ಮಾಡಿದ್ದೀರಾ ನೋಡಿ. ಮೀಟರ್, ಸೆಂಟಿಮೀಟರ್ ಗೊಂದಲದಲ್ಲಿ ನಮ್ಮ ಯೆಜ್ಡಿ ಮೊದಲ ಸಲ ನೂರು ಪಟ್ಟು ದೊಡ್ಡದಾಗಿ ಇಳಿಯಿತು. ಪರದೆ ತುಂಬ ಕಪ್ಪು. ಅರ್ಧ ಗಂಟೆ ಗ್ರಾಫಿಕ್ಸ್ ಕಾರ್ಡ್ ಸುಟ್ಟುಹೋಯಿತೆಂದು ಹೆದರಿದ್ದೆವು. ನಾವು ಟೈರಿನ ಒಳಗಿದ್ದೆವು ಅಷ್ಟೇ.

ಎಂಜಿನ್ನಿನ ಲೆಕ್ಕ

ಗೇಮಿನಲ್ಲಿ ಓಡುವ ಯಾವುದಾದರೂ ಮಾಡ್ ಬೈಕಿನ ಫೈಲುಗಳನ್ನು, ಮಾಡಿದವರ ಒಪ್ಪಿಗೆ ಇದ್ದರೆ, ನಕಲು ಮಾಡಿಕೊಂಡು ಅಂಕಿಗಳನ್ನು ಬದಲಿಸುತ್ತಾ ಹೋಗಿ. ಖಾಲಿ ಹಾಳೆಯಿಂದ ಶುರು ಮಾಡಬೇಡಿ. ಹೆಚ್ಚಿನವು ನೋಟ್‌ಪ್ಯಾಡಿನಲ್ಲಿ ತೆರೆಯುವ ಸಾದಾ ಫೈಲುಗಳು. ರೇಕ್, ಆಕ್ಸಲ್ ಜಾಗ ಮುಂತಾದ ಜ್ಯಾಮಿತಿಗೆ ಬೈಕ್‌ಎಡ್ ಎಂಬ ಬೇರೆ ಟೂಲ್ ಇದೆ.

ಎಂಜಿನ್ನಿಗೆ ಗೇಮ್ ಕೇಳುವುದು ಟಾರ್ಕ್, ಅಂದರೆ ತಿರುಗಿಸುವ ಬಲ. ನಮಗೆ ಸಿಗುವುದು ಎಚ್‌ಪಿ, ಅಂದರೆ ಹಾರ್ಸ್‌ಪವರ್. ಎಚ್‌ಪಿಯನ್ನು 0.746ರಿಂದ ಗುಣಿಸಿ ಕಿಲೋವ್ಯಾಟ್ ಮಾಡಿ, ಅದನ್ನು 9549ರಿಂದ ಗುಣಿಸಿ ಆರ್‌ಪಿಎಂನಿಂದ, ಅಂದರೆ ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತುಗಳಿಂದ, ಭಾಗಿಸಿ. 5000 ಆರ್‌ಪಿಎಂನಲ್ಲಿ 16 ಎಚ್‌ಪಿ ಎಂದಿಟ್ಟುಕೊಂಡರೆ 22.8 ನ್ಯೂಟನ್ ಮೀಟರ್. ಟಾರ್ಕಿನ ಗೆರೆಯ ತುದಿ ಅದಕ್ಕಿಂತ ಸ್ವಲ್ಪ ಕಡಿಮೆ ಆರ್‌ಪಿಎಂನಲ್ಲಿರಲಿ, ತುದಿಯ ಆಚೀಚೆ ಗೆರೆ ನಿಧಾನಕ್ಕೆ ಇಳಿಯಲಿ. ಯೆಜ್ಡಿ ಟೂ-ಸ್ಟ್ರೋಕ್, ಅದರಲ್ಲಿ ಎಂಜಿನ್ ಬ್ರೇಕ್ ಕಡಿಮೆ. ಗ್ಯಾಸ್ ಬಿಟ್ಟರೂ ಬೈಕು ಜಾರುತ್ತಲೇ ಹೋಗುತ್ತದೆ. ಕೈಮರದ ಇಳಿಜಾರಿನಲ್ಲಿ ಯೆಜ್ಡಿ ಓಡಿಸಿದವರಿಗೆ ಇದನ್ನು ಹೇಳಬೇಕಿಲ್ಲ. ಫೋರ್-ಸ್ಟ್ರೋಕ್ ಬೈಕಿನ ಫೈಲು ನಕಲು ಮಾಡಿದ್ದರೆ ಆ ಅಂಕಿಯನ್ನು ಇಳಿಸಲು ಮರೆಯಬೇಡಿ.

ಗೇರ್ ಅನುಪಾತ ಗೊತ್ತಿಲ್ಲವೇ? ಸೆಂಟರ್ ಸ್ಟ್ಯಾಂಡ್ ಹಾಕಿ, ಸ್ಪಾರ್ಕ್ ಪ್ಲಗ್ ಬಿಚ್ಚಿ, ಪಕ್ಕದ ಕವರ್ ತೆಗೆದು, ಒಂದೊಂದೇ ಗೇರಿನಲ್ಲಿ ಹಿಂದಿನ ಚಕ್ರವನ್ನು ಕೈಯಲ್ಲಿ ಹತ್ತು ಸುತ್ತು ತಿರುಗಿಸಿ. ಎಂಜಿನ್ನಿನ ತಿರುಗುವ ದಂಡ, ಅಂದರೆ ಕ್ರ್ಯಾಂಕಿನ ತುದಿಯ ರೋಟರ್ ಎಷ್ಟು ಸುತ್ತಿತು ಎಣಿಸಿ, ಹತ್ತರಿಂದ ಭಾಗಿಸಿ. ಬಂದದ್ದನ್ನು ಪರೀಕ್ಷಿಸುವುದೂ ಸುಲಭ. ಟಾಪ್ ಗೇರಿನಲ್ಲಿ 6 ಬಂತು ಅಂದರೆ, 5000 ಆರ್‌ಪಿಎಂಗೆ ಚಕ್ರ ನಿಮಿಷಕ್ಕೆ 833 ಸುತ್ತು. 1.95 ಮೀಟರಿನಿಂದ ಗುಣಿಸಿದರೆ ಗಂಟೆಗೆ ಸುಮಾರು 97 ಕಿ.ಮೀ. ಗೇಮಿನ ಯೆಜ್ಡಿ 160ರಲ್ಲಿ ಹಾರಿದರೆ ಎಲ್ಲೋ ತಪ್ಪಿದೆ.

ಸದ್ದು

ನನಗೆ ಅತಿ ಇಷ್ಟವಾದದ್ದು, ಅತಿ ಜಾಸ್ತಿ ಹೊತ್ತು ತಿಂದದ್ದು ಇದು. ಬೇರೆ ಬೇರೆ ಆರ್‌ಪಿಎಂನಲ್ಲಿ ಹಿಡಿದ ಸದ್ದಿನ ತುಣುಕುಗಳನ್ನು ಗೇಮ್ ಒಂದಕ್ಕೊಂದು ಬೆಸೆಯುತ್ತದೆ. ಪ್ರತಿ ತುಣುಕಿಗೂ ಅದು ಯಾವ ಆರ್‌ಪಿಎಂನದು ಎಂದು ಬರೆಯಬೇಕು. ನಮ್ಮ ಯೆಜ್ಡಿಯಲ್ಲಿ ಆರ್‌ಪಿಎಂ ಮೀಟರೇ ಇಲ್ಲ.

ದಾರಿ ಇದೆ. ಒಂದು ಸಿಲಿಂಡರಿನ ಟೂ-ಸ್ಟ್ರೋಕ್ ಎಂಜಿನ್ ಪ್ರತಿ ಸುತ್ತಿಗೆ ಒಂದು ಸಲ ಉರಿಯುತ್ತದೆ. 3000 ಆರ್‌ಪಿಎಂ ಅಂದರೆ ಸೆಕೆಂಡಿಗೆ 50 ಸುತ್ತು, 50 ಬಡಿತ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಉಚಿತವಾಗಿ ಸಿಗುವ ಸದ್ದಿನ ಸಾಫ್ಟ್‌ವೇರ್ ಆಡಾಸಿಟಿಯಲ್ಲಿ ತೆರೆದು, ಒಂದು ಸೆಕೆಂಡಿನಲ್ಲಿ ಎಷ್ಟು ಬಡಿತ ಇವೆ ಎಣಿಸಿ 60ರಿಂದ ಗುಣಿಸಿ. ಆರ್‌ಪಿಎಂ ಸಿಕ್ಕಿತು. ಆದರೆ ಐಡಲ್‌ನಲ್ಲಿ ಈ ಲೆಕ್ಕ ಕೈಕೊಡುತ್ತದೆ. ನಿಧಾನಕ್ಕೆ ಉರಿಯುವಾಗ ಹಳೆಯ ಟೂ-ಸ್ಟ್ರೋಕ್ ಒಂದು ಸುತ್ತು ಬಿಟ್ಟು ಒಂದು ಸುತ್ತು ಉರಿಯುತ್ತದೆ. ಯೆಜ್ಡಿಯ ‘ಡಬ್... ಡಬ್ ಡಬ್... ಡಬ್’ ಬರುವುದು ಅದರಿಂದಲೇ. ಅಲ್ಲಿ ಕಿವಿಯನ್ನೇ ನಂಬಿ. ಆ ತಾಳ ತಪ್ಪಿದ ಸದ್ದನ್ನು ಸರಿಮಾಡಲೂ ಹೋಗಬೇಡಿ, ಅದು ಹೋದರೆ ಯೆಜ್ಡಿಯೇ ಅಲ್ಲ.

ರೆಕಾರ್ಡಿಂಗ್ ಗೋಡೌನಿನೊಳಗೆ ಬೇಡ. ಹೊಗೆ ಅಪಾಯ, ತಗಡಿನ ಮಾಡಿನ ಪ್ರತಿಧ್ವನಿ ಬೇರೆ. ಬಯಲಿನಲ್ಲಿ, ಗಾಳಿ ಇಲ್ಲದ ಬೆಳಗ್ಗೆ, ಮೊಬೈಲಿಗೆ ಹಳೆಯ ಕಾಲುಚೀಲ ಸುತ್ತಿ, ಸೈಲೆನ್ಸರಿನಿಂದ ಒಂದೂವರೆ ಮೀಟರ್ ದೂರ ಇಡಿ. ನಾಯಿ ಕಟ್ಟಿಹಾಕಿ. ನಮ್ಮ 2400 ಆರ್‌ಪಿಎಂ ತುಣುಕಿನಲ್ಲಿ ಇವತ್ತಿಗೂ ಒಂದು ಬೊಗಳು ಇದೆ.

ಓಡಿಸಿ, ಬೀಳಿಸಿ, ಬರೆದಿಡಿ

ಗೇಮಿನಲ್ಲಿ ಉದ್ದ ನೇರ ದಾರಿ ಇರುವ ಟ್ರ್ಯಾಕ್ ಆರಿಸಿ. ಒಂದು ಸಲಕ್ಕೆ ಒಂದೇ ಅಂಕಿ ಬದಲಿಸಿ, ಪುಸ್ತಕದಲ್ಲಿ ಬರೆದಿಡಿ. ಹ್ಯಾಂಡಲ್ ಗಡಗಡ ನಡುಗಿದರೆ ಟ್ರೇಲ್ ಕಡಿಮೆ ಆಗಿದೆಯೇ ನೋಡಿ. ಮುಂದಿನ ಬ್ರೇಕಿಗೆ ಬೈಕು ಮಗುಚಿದರೆ ತೂಕದ ಕೇಂದ್ರ ಎತ್ತರವಾಯಿತು ಅಥವಾ ಡ್ರಮ್ ಬ್ರೇಕಿಗೆ ಡಿಸ್ಕಿನ ಬಲ ಕೊಟ್ಟಿದ್ದೀರಿ. ಬೈಕು ಟ್ರ್ಯಾಕಿಗೆ ಬಂದ ಕೂಡಲೇ ಚೆಂಡಿನಂತೆ ಪುಟಿದರೆ ಸ್ಪ್ರಿಂಗು ಜಾಸ್ತಿ ಬಿಗಿ. ಅಂಕಿ ಬದಲಿಸಿದ ತಕ್ಷಣ ಫೈಲಿನ ನಕಲು ತೆಗೆದಿಡಿ. ಜುಲೈನಲ್ಲಿ ನಮ್ಮ ಕಡೆ ಕರೆಂಟು ಯಾವಾಗ ಹೋಗುತ್ತದೆ ಎಂದು ಹೇಳುವ ಹಾಗಿಲ್ಲ. ಯುಪಿಎಸ್ ಇಲ್ಲದೆ ಎರಡು ರಾತ್ರಿಯ ಕೆಲಸ ಕಳೆದುಕೊಂಡಿದ್ದೇನೆ.

ಬೇರೆಯವರಿಗೆ ಕೊಡುವುದಾದರೆ ಇಡೀ ಫೋಲ್ಡರನ್ನು ಒಂದೇ ಪ್ಯಾಕ್ ಮಾಡಿ, ಯಾವ ಫೋಲ್ಡರಿಗೆ ಹಾಕಬೇಕು ಎಂದು ನಾಲ್ಕು ಸಾಲು ಬರೆದು ಜೊತೆಗಿಡಿ. ಆನ್‌ಲೈನ್ ಆಡುವಾಗ ಎದುರಿನವರ ಬಳಿಯೂ ಅದೇ ಮಾಡ್ ಇರಬೇಕು. ಬೇರೆ ಗೇಮಿನಿಂದ ಕಿತ್ತ ಮಾಡೆಲನ್ನು ನಿಮ್ಮದೆಂದು ಹಂಚಬೇಡಿ. ಅದು ಕದ್ದ ಮಾಲು. ಯಾರದಾದರೂ ಫೈಲು ಬಳಸಿದ್ದರೆ ಅವರ ಹೆಸರು ಹಾಕಿ.

ನಮ್ಮದು ಮುಗಿದ ದಿನ ಅಪ್ಪನನ್ನು ಕೂರಿಸಿ ಗೇಮ್‌ಪ್ಯಾಡ್ ಕೊಟ್ಟೆವು. ಮೊದಲ ತಿರುವಿನಲ್ಲೇ ಬಿದ್ದರು. ಸದ್ದಿಗೆ ತಲೆಯಾಡಿಸಿದರು. ಆಮೇಲೆ ಪರದೆಯ ಹತ್ತಿರ ಬಗ್ಗಿ ಎಡಗಡೆ ನೋಡಿದರು. ‘ಕಿಕ್ ಹೊಡೆದ ಲಿವರನ್ನೇ ಮುಂದಕ್ಕೆ ಮಡಚಿ ಗೇರ್ ಮಾಡ್ತೀವಲ್ಲ, ಅದೆಲ್ಲೋ?’ ಯೆಜ್ಡಿಯಲ್ಲಿ ಕಿಕ್ಕಿಗೂ ಗೇರಿಗೂ ಒಂದೇ ಲಿವರ್. ನಾನು ಅದನ್ನು ಚಾಸಿಗೆ ಅಂಟಿಸಿಬಿಟ್ಟಿದ್ದೆ. ಈಗ ಬೇರೆ ತುಂಡು ಮಾಡುತ್ತಿದ್ದೇನೆ.