ಮನೆಯಲ್ಲೇ ಮಾಡಿ ಮಾವಿನ ಹಣ್ಣಿನ ಸಾಲ್ಸಾ

ಮೆಕ್ಸಿಕೊದವರ ಊಟದಲ್ಲಿ ಸಾಲ್ಸಾಗೆ ದೊಡ್ಡ ಜಾಗವಿದೆ. ಟೊಮೆಟೊ, ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪನ್ನು ಸಣ್ಣಗೆ ಹೆಚ್ಚಿ ನಿಂಬೆರಸ ಹಿಂಡಿದರೆ ಹಸಿ ಸಾಲ್ಸಾ. ಟೊಮೆಟೊ ಬದಲು ಹಣ್ಣು ಹಾಕಿದರೆ ಹಣ್ಣಿನ ಸಾಲ್ಸಾ. ಒಲೆ ಹಚ್ಚುವ ಕೆಲಸವೇ ಇಲ್ಲ. ಕೋಸಂಬರಿ ಮಾಡಿ ಅಭ್ಯಾಸ ಇರುವವರಿಗೆ ಇದು ಸಲೀಸು. ಮೆಣಸಿನಕಾಯಿ ಅಮೆರಿಕ ಖಂಡದಿಂದ ನಮಗೆ ಬಂತು, ಮಾವು ನಮ್ಮ ಕಡೆಯಿಂದ ಅಲ್ಲಿಗೆ ಹೋಯಿತು. ಎರಡನ್ನೂ ಒಂದೇ ಬಟ್ಟಲಿಗೆ ಹಾಕುವುದು ನನಗಂತೂ ಬಹಳ ಇಷ್ಟ.

ಎಲ್ಲಕ್ಕಿಂತ ಮುಖ್ಯ, ಹಣ್ಣಿನ ಆಯ್ಕೆ. ಮಾವಿನ ಕಾಲದಲ್ಲಿ ಮೈಸೂರಿನ ದೇವರಾಜ ಮಾರುಕಟ್ಟೆಗೆ ಹೋದರೆ ರಸಪುರಿಯ ಘಮಕ್ಕೇ ಮನಸ್ಸು ಸೋಲುತ್ತದೆ. ಆದರೆ ಅದು ಸೀಕರಣೆಗೆ ಇರಲಿ. ಅದರಲ್ಲಿ ರಸ ಜಾಸ್ತಿ, ಹೆಚ್ಚಿದರೆ ಹೋಳು ನಿಲ್ಲುವುದಿಲ್ಲ. ಸಾಲ್ಸಾಗೆ ಬಾದಾಮಿ ಅಥವಾ ತೋತಾಪುರಿ ಒಳ್ಳೆಯದು. ಹಣ್ಣಾಗಿರಬೇಕು, ಆದರೆ ಒತ್ತಿದರೆ ಬೆರಳು ಒಳಗೆ ಇಳಿಯಬಾರದು. ಮಾವು ಸಿಗದ ತಿಂಗಳಲ್ಲಿ ಅನಾನಸ್ ಇಲ್ಲವೇ ಗಟ್ಟಿಯಾದ ಪರಂಗಿ ಹಣ್ಣು ಹಾಕಬಹುದು. ಕಲ್ಲಂಗಡಿ ಹಾಕುವುದಾದರೆ ಬೀಜ ತೆಗೆದು, ಹೆಚ್ಚಿದ ಹೋಳನ್ನು ಸ್ವಲ್ಪ ಹೊತ್ತು ಜರಡಿಯಲ್ಲಿಟ್ಟು ನೀರು ಬಸಿಯಿರಿ. ನಂಜನಗೂಡು ರಸಬಾಳೆ ಎಷ್ಟೇ ರುಚಿಯಾದರೂ ಇದಕ್ಕೆ ತೀರಾ ಮೆತ್ತಗೆ.

ನಾಲ್ಕು ಜನಕ್ಕೆ ಎರಡು ಮಧ್ಯಮ ಗಾತ್ರದ ಮಾವು, ಒಂದು ಸಣ್ಣ ಈರುಳ್ಳಿ, ಒಂದು ಹಸಿಮೆಣಸಿನಕಾಯಿ, ಒಂದು ಹಿಡಿ ಕೊತ್ತಂಬರಿ ಸೊಪ್ಪು, ಒಂದು ನಿಂಬೆಹಣ್ಣು, ಕಾಲು ಚಮಚ ಉಪ್ಪು ಸಾಕು. ಒಂದು ಎಳೆ ಸೌತೆಕಾಯಿ ಇದ್ದರೆ ಇನ್ನೂ ಚೆನ್ನ.

ಮೊದಲು ಈರುಳ್ಳಿಯನ್ನು ಆದಷ್ಟೂ ಸಣ್ಣಗೆ ಹೆಚ್ಚಿ 10 ನಿಮಿಷ ತಣ್ಣೀರಿನಲ್ಲಿ ಹಾಕಿಡಿ. ಹಸಿ ಘಾಟು ಅಷ್ಟರಲ್ಲಿ ತಗ್ಗುತ್ತದೆ. ಆಮೇಲೆ ನೀರು ಬಸಿದು ಬಟ್ಟೆಯಲ್ಲಿ ಒತ್ತಿಡಿ.

ಈಗ ಮಾವು. ಸಿಪ್ಪೆ ತೆಗೆದು, ಓಟೆಯ ಎರಡು ಪಕ್ಕದ ತಿರುಳನ್ನು ದಪ್ಪ ಹೋಳಾಗಿ ಕೊಯ್ದುಕೊಳ್ಳಿ. ಅದನ್ನು ಕಡಲೆಕಾಳಿನ ಗಾತ್ರಕ್ಕೆ ಹೆಚ್ಚಿ. ಗಾತ್ರ ಒಂದೇ ಇದ್ದರೆ ಪ್ರತಿ ತುತ್ತಿಗೂ ಹಣ್ಣು, ಈರುಳ್ಳಿ, ಖಾರ ಮೂರೂ ಸಿಗುತ್ತವೆ. ಚಾಕು ಹರಿತವಾಗಿರಲಿ, ಮೊಂಡಾದರೆ ಹಣ್ಣು ಜಜ್ಜಿಹೋಗುತ್ತದೆ. ಮಿಕ್ಸಿಯಂತೂ ಬೇಡವೇ ಬೇಡ, ಸಾಲ್ಸಾ ಹೋಗಿ ಜ್ಯೂಸ್ ಆಗುತ್ತದೆ.

ಮೆಣಸಿನಕಾಯಿಯ ಖಾರ ಹೆಚ್ಚಾಗಿ ಇರುವುದು ಬೀಜಕ್ಕೆ ಅಂಟಿಕೊಂಡ ಬಿಳಿ ತಿರುಳಿನಲ್ಲಿ. ಮಕ್ಕಳು ತಿನ್ನುವುದಾದರೆ ಅದನ್ನು ಕೆರೆದು ತೆಗೆಯಿರಿ. ಕೈ ತೊಳೆಯುವುದನ್ನು ಮರೆಯಬೇಡಿ. ಕೊತ್ತಂಬರಿಯ ಎಳೆ ದಂಟನ್ನು ಬಿಸಾಡದೆ ಹೆಚ್ಚಿ ಹಾಕಿ, ಅದರಲ್ಲೂ ಘಮ ಇದೆ. ಸೌತೆಕಾಯಿಯಾದರೆ ಬೀಜದ ಭಾಗ ತೆಗೆದು ಹೆಚ್ಚಿ.

ಎಲ್ಲವನ್ನೂ ಬಟ್ಟಲಿಗೆ ಹಾಕಿ, ನಿಂಬೆರಸ ಹಿಂಡಿ, ಹಗುರವಾಗಿ ಕಲಸಿ 15 ನಿಮಿಷ ಫ್ರಿಜ್‌ನಲ್ಲಿಡಿ. ಉಪ್ಪು ಮಾತ್ರ ಈಗಲೇ ಹಾಕಬೇಡಿ. ಉಪ್ಪು ಹಣ್ಣಿನೊಳಗಿನ ನೀರನ್ನು ಹೊರಗೆಳೆಯುತ್ತದೆ, ಬಟ್ಟಲ ತಳದಲ್ಲಿ ರಸ ನಿಲ್ಲುತ್ತದೆ. ತಿನ್ನುವ ಮುಂಚೆ ಹಾಕಿ ಕಲಸಿದರೆ ಸಾಕು. ಹಣ್ಣು ಹುಳಿಯಾಗಿದ್ದರೆ ಸಕ್ಕರೆ ಬೇಡ, ಒಂದು ಚಿಟಿಕೆ ಮಂಡ್ಯದ ಬೆಲ್ಲದ ಪುಡಿ ಉದುರಿಸಿ.

ಮೆಕ್ಸಿಕೊದಲ್ಲಿ ಇದನ್ನು ಮೆಕ್ಕೆಜೋಳದ ಚಿಪ್ಸ್ ಜೊತೆ, ಸುಟ್ಟ ಮೀನು, ಮಾಂಸದ ಮೇಲೆ ಹಾಕಿಕೊಂಡು ತಿನ್ನುತ್ತಾರೆ. ನಮ್ಮ ಅಕ್ಕಿ ಹಪ್ಪಳ, ನಿಪ್ಪಟ್ಟಿಗೂ ಹೊಂದುತ್ತದೆ. ಬಿಸಿ ರಾಗಿ ರೊಟ್ಟಿ ಜೊತೆ ತಿಂದು ನೋಡಿ, ರಾಗಿಯ ಕಮ್ಮನೆ ರುಚಿಗೆ ಮಾವಿನ ಸಿಹಿ ಎಷ್ಟು ಚೆನ್ನಾಗಿ ಕೂಡುತ್ತದೆ!

ಮಾಡಿದ ದಿನವೇ ತಿಂದರೆ ಒಳ್ಳೆಯದು. ಮುಚ್ಚಿ ಫ್ರಿಜ್‌ನಲ್ಲಿಟ್ಟರೆ ಮರುದಿನಕ್ಕೂ ಆಗುತ್ತದೆ, ಆದರೆ ನೀರು ಬಿಟ್ಟಿರುತ್ತದೆ. ಆಗ ರಸ ಬಸಿದು ಮೊಸರಿಗೆ ಹಾಕಿ, ಸಾಸಿವೆ ಒಗ್ಗರಣೆ ಕೊಟ್ಟರೆ ಪಚಡಿ ಸಿದ್ಧ. ಅನಾನಸ್ ಹಾಕಿದ ಸಾಲ್ಸಾವನ್ನು ಮಾತ್ರ ಮೊಸರಿಗೆ ಬೆರೆಸಬೇಡಿ. ಹಸಿ ಅನಾನಸ್‌ನಲ್ಲಿರುವ ಬ್ರೋಮಲಿನ್ ಎಂಬ ಕಿಣ್ವ ಹಾಲಿನ ಪ್ರೊಟೀನನ್ನು ಒಡೆಯುತ್ತದೆ, ಸ್ವಲ್ಪ ಹೊತ್ತಿಗೇ ಮೊಸರು ಕಹಿಯಾಗುತ್ತದೆ.